ಗೋಡೆ ಮೇಲೆ ಚಿತ್ರ ಬರೆಯುವ ರೋಬೋ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯ ನಮ್ಮ ಮನೆ ಜಗುಲಿಯ ಗೋಡೆ ಈಗ ನೋಡಲು ಚೆಂದವಿಲ್ಲ. ಅರ್ಧ ಚೌಕ, ಸೊಟ್ಟ ವೃತ್ತ, ಪೆನ್ನು ಜಾರಿ ಬಿದ್ದ ಉದ್ದ ಗೆರೆ, ಎಲ್ಲ ಇವೆ. ಭಾನುವಾರ ಬೆಳಿಗ್ಗೆ ಇಲ್ಲಿ ಸೇರುವ ಮಕ್ಕಳೂ ನಾನೂ ಕಟ್ಟಿದ ರೋಬೋದ ಕೆಲಸ ಅದು. ಗೋಡೆ ನೋಡಿದವರು ಕೇಳಿದ್ದು, ಕಾರವಾರ, ಕುಮಟಾ ಕಡೆಯ ಮೇಷ್ಟ್ರುಗಳು ಪತ್ರ ಬರೆದು ಕೇಳಿದ್ದು, ಮಕ್ಕಳು ವಾರವಾರ ಕೇಳುವುದು, ಎಲ್ಲವನ್ನೂ ಇಲ್ಲಿ ಒಟ್ಟು ಹಾಕಿದ್ದೇನೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಮೊದಲಿಗೆ ಕೇಳುವಂಥವು

ಇದು ಹಲ್ಲಿ ತರ ಗೋಡೆ ಹತ್ತುತ್ತಾ ಸರ್?

ಇಲ್ಲ, ನೇತಾಡುತ್ತದೆ. ಗೋಡೆಯ ಮೇಲೆ ಎಡ ಮೂಲೆಗೊಂದು, ಬಲ ಮೂಲೆಗೊಂದು ಮೋಟರ್ ಇರುತ್ತದೆ. ಎರಡರಿಂದಲೂ ಒಂದೊಂದು ದಾರ ಇಳಿದು, ಪೆನ್ನು ಸಿಕ್ಕಿಸಿದ ಸಣ್ಣ ಹಲಗೆಯೊಂದನ್ನು ಹಿಡಿದಿರುತ್ತದೆ. ಆ ಹಲಗೆಗೆ ನಮ್ಮ ಮಕ್ಕಳು ತೊಟ್ಟಿಲು ಅಂತ ಹೆಸರಿಟ್ಟಿದ್ದಾರೆ, ಇಲ್ಲೂ ಅದನ್ನೇ ಬಳಸುತ್ತೇನೆ.

ಬಾವಿಗೆ ಇಳಿಸಿದ ಒಂದೇ ಕೊಡಕ್ಕೆ ಎರಡು ಹಗ್ಗ ಕಟ್ಟಿ, ಇಬ್ಬರು ಎದುರುಬದುರು ನಿಂತು ಹಿಡಿದಿದ್ದಾರೆ ಅಂದುಕೊಳ್ಳಿ. ಒಬ್ಬ ಎಳೆದು ಇನ್ನೊಬ್ಬ ಬಿಟ್ಟರೆ ಕೊಡ ಎಳೆದವನ ಕಡೆ ಹೋಗುತ್ತದೆ. ಇಬ್ಬರೂ ಎಳೆದರೆ ಮೇಲೆ, ಇಬ್ಬರೂ ಬಿಟ್ಟರೆ ಕೆಳಗೆ. ಕೆಳಕ್ಕೆ ಎಳೆಯುವ ಕೆಲಸವನ್ನು ಭೂಮಿಯೇ ಮಾಡುತ್ತದೆ, ಅದಕ್ಕೆ ಮೂರನೇ ಮೋಟರ್ ಬೇಡ. ಇಷ್ಟೇ ಯಂತ್ರ.

ಇದು ನಮ್ಮ ತಲೆಯಿಂದ ಬಂದದ್ದೇನೂ ಅಲ್ಲ. 2002ರಲ್ಲೇ ಸ್ವಿಟ್ಜರ್ಲೆಂಡಿನಲ್ಲಿ ಯೂರ್ಗ್ ಲೇನಿ ಮತ್ತು ಊಲಿ ಫ್ರಾಂಕೆ ಹೀಗೇ ಒಂದು ಸ್ಪ್ರೇ ಪೇಂಟ್ ಡಬ್ಬಿಯನ್ನು ನೇತುಹಾಕಿ ಗೋಡೆ ಮೇಲೆ ಬರೆಸಿದ್ದರು. ಅದರ ಹೆಸರು ಹೆಕ್ಟರ್.

ಪ್ರಿಂಟರ್ ಇದೆಯಲ್ಲ, ಇದರಿಂದ ಏನು ಉಪಯೋಗ?

ಚಿತ್ರ ಬೇಕಾದವರಿಗೆ ಏನೂ ಉಪಯೋಗವಿಲ್ಲ. ಪ್ರಿಂಟರೇ ಒಳ್ಳೆಯದು.

ಕಲಿಯುವವರ ವಿಷಯ ಬೇರೆ. ಸಾಮಾನ್ಯವಾಗಿ ಪ್ರೋಗ್ರಾಮ್ ತಪ್ಪಾದರೆ ಪರದೆ ಮೇಲೆ ಒಂದು ಕೆಂಪು ಸಾಲು ಬರುತ್ತದೆ, ಮಗು ನನ್ನ ಮುಖ ನೋಡುತ್ತದೆ. ಇಲ್ಲಿ ತಪ್ಪು ಗೋಡೆ ಮೇಲೆ ಗೆರೆಯಾಗಿ ಕಾಣುತ್ತದೆ. ಚೌಕದ ಮೇಲಿನ ಅಂಚು ಬಾಗಿದೆ, ಕೆಳಗಿನದು ಬಾಗಿಲ್ಲ. ಯಾಕೆ? ಮಕ್ಕಳು ಗೆರೆಗೆ ಸ್ಕೇಲು ಇಟ್ಟು ಅಳೆಯುತ್ತಾರೆ, ಜಗಳವಾಡುತ್ತಾರೆ, ಅರ್ಧ ಗಂಟೆಯಲ್ಲಿ ಕಾರಣ ಹುಡುಕುತ್ತಾರೆ. ನನ್ನ ಮಟ್ಟಿಗೆ ಈ ಯಂತ್ರದ ಬೆಲೆ ಇರುವುದು ಅದು ಕೆಟ್ಟದಾಗಿ ಬರೆಯುವ ದಿನಗಳಲ್ಲಿ.

ಮಕ್ಕಳಿಗೆ ಗೆರೆ ಎಳೆಸಿ ಪ್ರೋಗ್ರಾಮಿಂಗ್ ಕಲಿಸುವುದು ಹಳೇ ದಾರಿ. 1967ರಲ್ಲಿ ಸೈಮರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫರ್ಜೈಗ್ ಮೊದಲಾದವರು ಲೋಗೋ ಭಾಷೆ ಮಾಡಿದರು. ಮುಂದೆ ಅದಕ್ಕೆ ನೆಲದ ಮೇಲೆ ಓಡಾಡಿ ಪೆನ್ನಿನಿಂದ ಬರೆಯುವ ಆಮೆ ರೋಬೋ ಜೊತೆಯಾಯಿತು. ನಮ್ಮದು ಗೋಡೆಗೆ ಬಂದ ಆಮೆ ಅನ್ನಿ.

ಎಷ್ಟನೇ ಕ್ಲಾಸಿನವರಿಗೆ ಆಗ್ತದೆ?

ಲೆಕ್ಕ ಬರೆಯಲು ಪೈಥಾಗೊರಸ್ ಪ್ರಮೇಯ ಗೊತ್ತಿದ್ದರೆ ಸಾಕು. ಐದನೇ ಕ್ಲಾಸಿನವರನ್ನೂ ಸೇರಿಸಿಕೊಳ್ಳಬಹುದು, ಆದರೆ ಅವರಿಗೆ ಮೊದಲು ಕರೆಂಟಿಲ್ಲದ ಆಟ.

ಹಲಗೆಗೆ 120 ಸೆಂ.ಮೀ. ದೂರದಲ್ಲಿ ಎರಡು ಮೊಳೆ ಹೊಡೆಯಿರಿ. ಪ್ರತಿ ಮೊಳೆಯ ಮೇಲಿಂದ ಒಂದು ದಾರ ಹಾಯಿಸಿ, ದಾರಕ್ಕೆ ಸೆಂಟಿಮೀಟರಿಗೊಂದು ಶಾಯಿ ಗುರುತು ಹಾಕಿ. ಎರಡೂ ದಾರದ ತುದಿಯನ್ನು ಒಂದು ಪೆನ್ನಿಗೆ ಕಟ್ಟಿ. ಇಬ್ಬರು ಮಕ್ಕಳು ಮೋಟರ್, ಒಬ್ಬ ಪೆನ್ನು, ಒಬ್ಬಳು ಪ್ರೋಗ್ರಾಮ್. ಅವಳು "ಎಡ 78, ಬಲ 78" ಅಂತ ಕೂಗಬೇಕು, ಇವರು ಅಷ್ಟು ದಾರ ಬಿಟ್ಟು ಚುಕ್ಕಿ ಇಡಬೇಕು. ಹೀಗೇ ಒಂದು ಚೌಕ ಬರೆಯಿರಿ ಅಂದರೆ ಹತ್ತು ನಿಮಿಷದಲ್ಲಿ ಇಡೀ ಯಂತ್ರದ ಕಷ್ಟ ಅರ್ಥವಾಗುತ್ತದೆ. ನಾನು ದೊಡ್ಡವರಿಗೂ ಇದನ್ನೇ ಮೊದಲು ಆಡಿಸುವುದು.

ಖರ್ಚೆಷ್ಟು? ನಮ್ಮೂರಲ್ಲಿ ಸಾಮಾನು ಸಿಗುತ್ತಾ?

ನನ್ನ ಮೊದಲ ಯಂತ್ರ ಎರಡು ಸಾವಿರ ರೂಪಾಯಿ ಒಳಗೆ ಮುಗಿದಿತ್ತು. ಒಂದು ಆರ್ಡುಯಿನೋ ಊನೋ (ನಾವು ಬರೆದ ಪ್ರೋಗ್ರಾಮ್ ಓಡಿಸುವ ಪುಟ್ಟ ಕಂಪ್ಯೂಟರ್ ಬೋರ್ಡ್), ಡ್ರೈವರ್ ಬೋರ್ಡ್ (ಆರ್ಡುಯಿನೋ ಹೇಳಿದಂತೆ ಮೋಟರಿಗೆ ಕರೆಂಟು ಹಾಯಿಸುವುದು) ಜೊತೆ ಬರುವ 28ಬಿವೈಜೆ-48 ಸ್ಟೆಪ್ಪರ್ ಮೋಟರ್ (ಸ್ಟೆಪ್ ಅನ್ನುವ ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗುವಂಥದ್ದು) ಎರಡು, ಪೆನ್ನು ಎತ್ತಲು ಎಸ್‌ಜಿ90 ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟರ್) ಒಂದು, 5 ವೋಲ್ಟ್ 2 ಆಂಪಿನ ಅಡಾಪ್ಟರ್, ಒಂದಷ್ಟು ಜಂಪರ್ ವೈರ್. ಇವನ್ನು ಆನ್‌ಲೈನಿನಲ್ಲಿ ತರಿಸಿದೆ. ಉಳಿದದ್ದು ಮನೆಯಲ್ಲೇ ಇತ್ತು: ಪ್ಲೈವುಡ್ ತುಂಡು, ಹಳೇ ಸಿಡಿ, ನಟ್ಟು ಬೋಲ್ಟು.

## ಕಟ್ಟುವಾಗ ಬರುವಂಥವು

ಯಾವ ದಾರ ಹಾಕಬೇಕು? ಹೊಲಿಗೆ ದಾರ ನಡೀತದಾ?

ಮೊದಲ ದಿನಕ್ಕೆ ನಡೆಯುತ್ತದೆ. ಜೂನ್ ಬಂತು ಅಂದರೆ ನಡೆಯುವುದಿಲ್ಲ. ಹತ್ತಿ ದಾರ ತೇವಕ್ಕೆ ಉದ್ದ ಬದಲಿಸುತ್ತದೆ. ಬೆಳಿಗ್ಗೆ ಸರಿಯಿದ್ದ ಚೌಕ ಸಂಜೆ ಮಳೆ ಹಿಡಿದ ಮೇಲೆ ಸೊಟ್ಟ ಬಂದದ್ದನ್ನು ನಾವೇ ನೋಡಿದ್ದೇವೆ. ಆ ದಿನ ಪ್ರೋಗ್ರಾಮ್ ತಿದ್ದಿ ತಿದ್ದಿ ಸಾಕಾಗಿತ್ತು.

ಕರಾವಳಿಯವರಿಗೆ ಒಂದು ಅನುಕೂಲ ಇದೆ, ಗಾಳದ ಸಾಮಾನಿನ ಅಂಗಡಿ. ಅಲ್ಲಿ ಎರಡು ತರ ಸಿಗುತ್ತದೆ. ಒಂಟಿ ಎಳೆಯ ಪಾರದರ್ಶಕ ತಂಗೂಸಿ ರಬ್ಬರಿನ ಹಾಗೆ ಸ್ವಲ್ಪ ಹಿಗ್ಗುತ್ತದೆ, ತೊಟ್ಟಿಲು ಕುಣಿಯುತ್ತದೆ. ಬೇಡ. ಸಣ್ಣ ಎಳೆಗಳನ್ನು ಹೆಣೆದು ಮಾಡಿದ ದಾರ ಕೇಳಿ. ಅದು ಬಹಳ ಕಡಿಮೆ ಹಿಗ್ಗುತ್ತದೆ. ಹಾಗೇ ನಾಲ್ಕು ಸೀಸದ ಗುಂಡನ್ನೂ ತನ್ನಿ, ತೊಟ್ಟಿಲಿನ ಭಾರಕ್ಕೆ ಬೇಕಾಗುತ್ತದೆ. ಅವನ್ನು ದೊಡ್ಡವರೇ ಟೇಪು ಸುತ್ತಿ ಅಂಟಿಸಿ. ಸೀಸ ಮುಟ್ಟಿದ ಕೈ ತೊಳೆಯದೆ ಅವಲಕ್ಕಿ ತಿನ್ನಬಾರದು.

ದಾರ ಸುತ್ತುವ ಉರುಳೆಯಲ್ಲೂ ಒಂದು ಮೋಸ ಇದೆ. 20 ಮಿ.ಮೀ. ವ್ಯಾಸದ ಉರುಳೆ ಒಂದು ಸುತ್ತಿಗೆ ಸುಮಾರು 62.8 ಮಿ.ಮೀ. ದಾರ ಎಳೆಯುತ್ತದೆ. ದಾರದ ಮೇಲೆ ದಾರ ಬಿದ್ದರೆ ವ್ಯಾಸ ಹೆಚ್ಚುತ್ತದೆ. 0.3 ಮಿ.ಮೀ. ದಾರದ ಒಂದು ಪದರ ಏರಿದರೆ ಶೇಕಡಾ 3ರಷ್ಟು ತಪ್ಪು. ಒಂದು ಮೀಟರ್ ದಾರಕ್ಕೆ 16 ಸುತ್ತು ಸಾಕು, ಪಕ್ಕಪಕ್ಕ ಕೂತರೆ 5 ಮಿ.ಮೀ. ಜಾಗ. ಹಾಗಾಗಿ 15 ಮಿ.ಮೀ. ಅಗಲದ ಉರುಳೆ ಮಾಡಿ, ಒಂದೇ ಪದರದಲ್ಲಿ ಸುತ್ತುವಂತೆ ನೋಡಿಕೊಳ್ಳಿ.

ಅಂಗಡಿಯವರು ನೆಮಾ 17 ಮೋಟರೇ ತಗೊಳ್ಳಿ ಅಂತಾರೆ. ಅದೇ ಬೇಕಾ?

ಶುರುವಿಗೆ ಬೇಡ. ನೆಮಾ 17 ನಮ್ಮದಕ್ಕಿಂತ ದೊಡ್ಡ ಸ್ಟೆಪ್ಪರ್ ಮೋಟರ್. 28ಬಿವೈಜೆ-48 ನಿಧಾನ, ಬಡಪಾಯಿ, ಆದರೆ ಒಳಗೆ ಗೇರು ಇರುವುದರಿಂದ ಕರೆಂಟು ಹೋದರೂ ಹಗುರ ತೊಟ್ಟಿಲು ಇದ್ದಲ್ಲೇ ನಿಲ್ಲುತ್ತದೆ. ನೆಮಾ 17ಕ್ಕೆ ಗೇರಿಲ್ಲ. ಕರೆಂಟು ಹೋದ ತಕ್ಷಣ ತೊಟ್ಟಿಲು ಸೊಯ್ಯನೆ ಕೆಳಗೆ. ನಮ್ಮ ಕಡೆ ಮಳೆಗಾಲದಲ್ಲಿ ಎಷ್ಟು ಸಲ ಕರೆಂಟು ಹೋಗುತ್ತದೆ ಅಂತ ನಿಮಗೇ ಗೊತ್ತಲ್ಲ.

ವೇಗ ಬೇಕು, ದೊಡ್ಡ ಗೋಡೆ ಬೇಕು ಅಂದಾಗ ನೆಮಾಕ್ಕೆ ಹೋಗಿ. ಆಗ ದಾರ ಬಿಟ್ಟು 2 ಮಿ.ಮೀ.ಗೊಂದು ಹಲ್ಲಿರುವ ಜಿಟಿ2 ಬೆಲ್ಟು ಹಾಕಿ. 20 ಹಲ್ಲಿನ ಪುಲಿ ಒಂದು ಸುತ್ತಿಗೆ ಸರಿಯಾಗಿ 40 ಮಿ.ಮೀ. ಎಳೆಯುತ್ತದೆ, ಪದರದ ತಲೆನೋವಿಲ್ಲ. ಎ4988 ಡ್ರೈವರ್ ಬಳಸುವವರಿಗೆ ಒಂದೇ ಎಚ್ಚರಿಕೆ: ಕರೆಂಟು ಇರುವಾಗ ಮೋಟರಿನ ವೈರು ಕೀಳಬೇಡಿ. ಡ್ರೈವರ್ ಸಾಯುತ್ತದೆ. ನಾನು ಎರಡು ಕೊಂದಿದ್ದೇನೆ.

ಮೋಟರ್ ಗುಂಯ್ ಅಂತದೆ, ತಿರುಗೋದಿಲ್ಲ. ಸುಟ್ಟು ಹೋಯ್ತಾ?

ಬಹುಶಃ ಇಲ್ಲ. ಪ್ರೋಗ್ರಾಮಿನಲ್ಲಿ ಡ್ರೈವರಿಗೆ ಹೋಗುವ ಪಿನ್ನುಗಳ ಕ್ರಮ ನೋಡಿ. ಈ ಮೋಟರಿಗೆ 1, 2, 3, 4 ಅಂತ ಬರೆದರೆ ನಡುಗುತ್ತದೆ ಅಷ್ಟೆ. 1, 3, 2, 4 ಅಂತ ಕೊಡಬೇಕು. ಹತ್ತರಲ್ಲಿ ಒಂಬತ್ತು ಸಲ ಇದೇ.

ಪೆನ್ನು ಎತ್ತಿದ ಕೂಡಲೇ ಆರ್ಡುಯಿನೋ ತನ್ನಷ್ಟಕ್ಕೇ ರೀಸೆಟ್ ಆಗ್ತದೆ, ಯಾಕೆ?

ಎಲ್ಲಕ್ಕೂ ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ಕರೆಂಟು ಕೊಡುತ್ತಿದ್ದೀರಿ. ಸಾಮಾನ್ಯ ಯುಎಸ್‌ಬಿ ಕೊಡುವುದು 500 ಮಿಲಿಆಂಪ್. ಒಂದೊಂದು ಮೋಟರ್ 200ರ ಹತ್ತಿರ ಕೇಳುತ್ತದೆ, ಅದರ ಮೇಲೆ ಸರ್ವೋ ಒಮ್ಮೆಲೇ ಎಳೆದರೆ ವೋಲ್ಟೇಜು ಕುಸಿದು ಆರ್ಡುಯಿನೋ ತಲೆ ತಿರುಗಿ ಬೀಳುತ್ತದೆ. ಮೋಟರಿಗೂ ಸರ್ವೋಗೂ ಬೇರೆ ಅಡಾಪ್ಟರ್ ಕೊಡಿ. ಅಡಾಪ್ಟರಿನ ಗ್ರೌಂಡ್ ವೈರನ್ನು ಆರ್ಡುಯಿನೋದ ಗ್ರೌಂಡಿಗೆ ಸೇರಿಸಲು ಮರೆಯಬೇಡಿ, ಇಲ್ಲದಿದ್ದರೆ ಡ್ರೈವರಿಗೆ ಆರ್ಡುಯಿನೋದ ಮಾತೇ ಅರ್ಥವಾಗುವುದಿಲ್ಲ.

ತೊಟ್ಟಿಲು ಹೇಗೆ ಮಾಡೋದು? ಪೆನ್ನು ಎಲ್ಲಿ ಸಿಕ್ಕಿಸಬೇಕು?

ಹಳೇ ಸಿಡಿ ಎರಡು ಅಂಟಿಸಿ, ನಡುವಿನ ತೂತಿನಲ್ಲಿ ಸ್ಕೆಚ್ ಪೆನ್ ಬಿಗಿಯಾಗಿ ಕೂರಿಸಿ. ಎರಡೂ ದಾರದ ಗೆರೆಯನ್ನು ಮುಂದುವರಿಸಿದರೆ ಅವು ಪೆನ್ನಿನ ತುದಿಯಲ್ಲೇ ಕೂಡಬೇಕು. ದಾರವನ್ನು ಸಿಡಿಯ ಅಂಚಿಗೆ ಗಟ್ಟಿಯಾಗಿ ಕಟ್ಟಿದರೆ ತೊಟ್ಟಿಲು ಪಕ್ಕಕ್ಕೆ ಹೋದಾಗ ವಾಲುತ್ತದೆ, ಪೆನ್ನು ಲೆಕ್ಕ ತಪ್ಪುತ್ತದೆ. ಪೆನ್ನಿನ ಸುತ್ತ ಸಡಿಲವಾಗಿ ತಿರುಗುವ ಎರಡು ಬಳೆ ಹಾಕಿ, ದಾರವನ್ನು ಬಳೆಗೆ ಕಟ್ಟಿದರೆ ಈ ತೊಂದರೆ ಕಡಿಮೆ. ಭಾರವನ್ನು ಪೆನ್ನಿಗಿಂತ ಕೆಳಗೆ ಇಡಿ. ನಮ್ಮದು ಎಲ್ಲ ಸೇರಿ 150 ಗ್ರಾಂ. ಸರ್ವೋದ ಕಡ್ಡಿ ಗೋಡೆಯನ್ನು ಒತ್ತಿ ತೊಟ್ಟಿಲನ್ನು ದೂರ ತಳ್ಳಿದರೆ ಪೆನ್ನು ಎದ್ದ ಹಾಗೆ.

ನಮ್ಮದು ಚಿರೇಕಲ್ಲಿನ ಗೋಡೆ. ಬರೀತದಾ?

ಗಾರೆ ಮಾಡದ ಚಿರೇಕಲ್ಲಿನ ಮೇಲೆ ಪೆನ್ನು ಪ್ರತಿ ಗುಳಿಯಲ್ಲೂ ಸಿಕ್ಕಿಕೊಳ್ಳುತ್ತದೆ. ಪ್ಲೈವುಡ್ ಹಲಗೆ ಒರಗಿಸಿ, ಅದರ ಮೇಲೆ ಡ್ರಾಯಿಂಗ್ ಶೀಟ್ ಅಂಟಿಸಿ. ಹಲಗೆ ಸ್ವಲ್ಪ ಹಿಂದಕ್ಕೆ ವಾಲಿದ್ದರೆ ಇನ್ನೂ ಒಳ್ಳೆಯದು, ಪೆನ್ನು ಹಾಳೆಗೆ ತಾನೇ ಒತ್ತುತ್ತದೆ.

## ಲೆಕ್ಕ ಮತ್ತು ಪ್ರೋಗ್ರಾಮ್

ಗಣಿತ ತುಂಬಾ ಕಷ್ಟವಾ?

ಒಂದೇ ಸೂತ್ರ, ಎರಡು ಸಲ. ಎಡ ಮೋಟರಿನಿಂದ ಪೆನ್ನು ಎಷ್ಟು ಅಡ್ಡ ಇದೆ, ಎಷ್ಟು ಕೆಳಗೆ ಇದೆ ಅಂತ ಗೊತ್ತಿದ್ದರೆ:

ಎಡ ದಾರ = √(ಅಡ್ಡ² + ಕೆಳಗೆ²)

ಬಲ ದಾರ = √((ಮೋಟರುಗಳ ದೂರ − ಅಡ್ಡ)² + ಕೆಳಗೆ²)

ಮೋಟರುಗಳ ದೂರ 1200 ಮಿ.ಮೀ. ಇರಲಿ. ಪೆನ್ನು ಸರಿಯಾಗಿ ನಡುವೆ, 500 ಮಿ.ಮೀ. ಕೆಳಗೆ ಇದ್ದರೆ ಎರಡೂ ದಾರ 781 ಮಿ.ಮೀ. ಅಲ್ಲಿಂದ 100 ಮಿ.ಮೀ. ಬಲಕ್ಕೆ ಹೋದರೆ ಎಡ ದಾರ 860.2, ಬಲ ದಾರ 707.1. ಅಂದರೆ ಎಡ 79 ಬಿಟ್ಟಿದೆ, ಬಲ 74 ಎಳೆದಿದೆ. ಎರಡೂ ಸಮ ಇರುತ್ತದೆ ಅಂದುಕೊಂಡ ಮಕ್ಕಳಿಗೆ ಇಲ್ಲಿ ಮೊದಲ ಆಶ್ಚರ್ಯ.

ನೇರ ಗೆರೆ ಎಳೆ ಅಂದ್ರೆ ಜೋಕಾಲಿ ತರ ಜೋತು ಬೀಳ್ತದೆ. ಮೋಟರ್ ಹಾಳಾ?

ಮೋಟರ್ ಸರಿಯಿದೆ. ನನ್ನ ಇಷ್ಟದ ಪ್ರಶ್ನೆ ಇದು.

ಅದೇ ಹಲಗೆಯಲ್ಲಿ ಎಡದಿಂದ 300ರಲ್ಲಿ ಶುರುಮಾಡಿ 900ಕ್ಕೆ ಅಡ್ಡ ಗೆರೆ ಎಳೆಯಬೇಕು, 500 ಕೆಳಗೆ. ಶುರುವಿನಲ್ಲಿ ಎಡ ದಾರ 583.1, ಬಲ ದಾರ 1029.6. ಕೊನೆಗೆ ಅದೇ ಉಲ್ಟಾ. ನೀವು ಎರಡೂ ಮೋಟರಿಗೆ ಒಂದೇ ಗುಕ್ಕಿನಲ್ಲಿ, ಸಮ ವೇಗದಲ್ಲಿ ಹೋಗು ಅಂದಿರಿ. ಅರ್ಧ ದಾರಿಯಲ್ಲಿ ಎರಡೂ ದಾರ 806.3 ಆಗಿರುತ್ತದೆ. ಆದರೆ ನಡುವೆ ಪೆನ್ನು ನೇರ ಗೆರೆಯ ಮೇಲೆ ಇರಬೇಕಾದರೆ ದಾರ 781 ಇರಬೇಕಿತ್ತು. 25 ಮಿ.ಮೀ. ದಾರ ಜಾಸ್ತಿಯಾಗಿ ಪೆನ್ನು ಸುಮಾರು 39 ಮಿ.ಮೀ. ಕೆಳಗೆ ಜೋತುಬಿತ್ತು.

ಪರಿಹಾರ ಸುಲಭ. ಗೆರೆಯನ್ನು ತುಂಡು ಮಾಡಿ. 5 ಮಿ.ಮೀ.ಗೆ ಒಂದು ತುಂಡು, ಪ್ರತಿ ತುಂಡಿನ ಕೊನೆಗೆ ಸೂತ್ರ ಹಾಕಿ ದಾರದ ಉದ್ದ ಲೆಕ್ಕ ಮಾಡಿ. ಆಗಲೂ ಪ್ರತಿ ತುಂಡು ಜೋತುಬೀಳುತ್ತದೆ, ಆದರೆ ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಕಣ್ಣಿಗೆ ಕಾಣದು. ತುಂಡು ಅರ್ಧವಾದರೆ ಜೋತು ಕಾಲು ಭಾಗವಾಗುತ್ತದೆ. ಇದನ್ನು ಮಕ್ಕಳಿಗೆ ಹೇಳಬೇಡಿ. 600, 300, 150 ಮಿ.ಮೀ. ಉದ್ದದ ತುಂಡುಗಳಲ್ಲಿ ಒಂದರ ಕೆಳಗೊಂದು ಬರೆಸಿ, ಅವರೇ ಅಳೆಯಲಿ.

ಎರಡೂ ಮೋಟರ್ ಒಟ್ಟಿಗೆ ಶುರುವಾಗಿ ಒಟ್ಟಿಗೆ ನಿಲ್ಲಬೇಕು. ಅದನ್ನು ಆಕ್ಸೆಲ್‌ಸ್ಟೆಪ್ಪರ್ ಲೈಬ್ರರಿಯ (ಸಿದ್ಧ ಪ್ರೋಗ್ರಾಮ್ ತುಣುಕುಗಳ ಕಟ್ಟು) ಮಲ್ಟಿಸ್ಟೆಪ್ಪರ್ ಅನ್ನುವ ಭಾಗ ನೋಡಿಕೊಳ್ಳುತ್ತದೆ.

ಒಂದು ಮಿಲಿಮೀಟರಿಗೆ ಎಷ್ಟು ಸ್ಟೆಪ್ ಅಂತ ಹಾಕಲಿ?

ಎಲ್ಲರೂ ಹೇಳುವ ಲೆಕ್ಕ: ಒಂದು ಸುತ್ತಿಗೆ 2048 ಸ್ಟೆಪ್ (ಗೇರಿಗೆ ಮುಂಚೆ ಸುತ್ತಿಗೆ 32, ಗೇರಿನ ಅನುಪಾತ 64), ಅದನ್ನು 62.8ರಿಂದ ಭಾಗಿಸಿದರೆ 32.6. ಆದರೆ ಈ ಮೋಟರಿನ ಗೇರಿನ ಹಲ್ಲು ಲೆಕ್ಕ ಹಾಕಿದರೆ ಅನುಪಾತ 64 ಬರುವುದಿಲ್ಲ, ಸುಮಾರು 63.68 ಬರುತ್ತದೆ. ಅಂದರೆ ಸುತ್ತಿಗೆ 2038ರ ಹತ್ತಿರ. ಮೀಟರಿಗೆ 5 ಮಿ.ಮೀ. ವ್ಯತ್ಯಾಸ. ಮೋಟರಿನ ಮಾಹಿತಿ ಚೀಟಿ ನಂಬುವ ಬದಲು ಅಳೆಯಿರಿ: ಒಂದು ಮೀಟರಿನಷ್ಟು ಸ್ಟೆಪ್ ಓಡಿಸಿ, ಎಷ್ಟು ದಾರ ಇಳಿಯಿತು ಅಂತ ಟೇಪು ಹಿಡಿದು ನೋಡಿ, ಭಾಗಿಸಿ. ಎರಡು ಮೋಟರಿಗೂ ಬೇರೆ ಬೇರೆ ಮಾಡಿ.

ರೆಡಿ ಪ್ರೋಗ್ರಾಮ್ ನೆಟ್ಟಲ್ಲೇ ಸಿಗ್ತದಲ್ಲ, ಅದನ್ನೇ ಹಾಕಿದರೆ ಆಗಲ್ವಾ?

ಆಗುತ್ತದೆ. ಇಎಸ್‌ಪಿ32 ಅನ್ನುವ, ಊನೋಕ್ಕಿಂತ ಬಲವಾದ ಬೋರ್ಡಿಗೆ ಫ್ಲುಯಿಡ್‌ಎನ್‌ಸಿ ಅನ್ನುವ ಸಿದ್ಧ ಪ್ರೋಗ್ರಾಮ್ ಇದೆ, ಅದರಲ್ಲಿ ಗೋಡೆ ಪ್ಲಾಟರಿನ (ಇಂಥ ಗೋಡೆ ಬರೆಯುವ ಯಂತ್ರದ) ಲೆಕ್ಕ ಒಳಗೇ ಇದೆ. ದೊಡ್ಡ ಕೆಲಸಕ್ಕೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಕಲಿಯುವವರಿಗೆ ಮೊದಲೇ ಅದನ್ನು ಕೊಟ್ಟರೆ ಜೋಕಾಲಿ ಗೆರೆ ಬರುವುದೇ ಇಲ್ಲ. ಅದು ಬರದಿದ್ದರೆ ಸೂತ್ರ ಯಾಕೆ ಬೇಕು ಅಂತ ಯಾರೂ ಕೇಳುವುದಿಲ್ಲ. ಒಂದು ಸಲವಾದರೂ ನಿಮ್ಮದೇ ನಲವತ್ತು ಐವತ್ತು ಸಾಲು ಬರೆಯಿರಿ.

## ಗೆರೆ ತಪ್ಪಿದಾಗ

ಚೌಕ ಬರೆ ಅಂದ್ರೆ ಏನೇನೋ ಬರೀತದೆ. ಎಲ್ಲಿಂದ ಹುಡುಕಲಿ?

ಗೆರೆಯನ್ನೇ ಓದಿ. 200 ಮಿ.ಮೀ. ಚೌಕ ಬರೆಸಿ, ಎರಡೂ ಕರ್ಣ ಅಳೆಯಿರಿ. ಸರಿಯಿದ್ದರೆ ಎರಡೂ 282.8 ಇರಬೇಕು. ಚಿತ್ರ ಕನ್ನಡಿಯಲ್ಲಿ ನೋಡಿದಂತೆ ತಿರುಗಿದ್ದರೆ ಎಡ ಬಲ ಮೋಟರಿನ ವೈರು ಅದಲುಬದಲು. ಅಡ್ಡ ಗೆರೆಗಳೆಲ್ಲ ಬಾಗಿದ್ದರೆ ಮೋಟರುಗಳ ದೂರ ತಪ್ಪು ಕೊಟ್ಟಿದ್ದೀರಿ. ಆ ದೂರವನ್ನು ಮೋಟರಿನ ನಡುವಿನಿಂದ ಅಳೆಯುವುದಲ್ಲ, ದಾರ ಉರುಳೆ ಬಿಡುವ ಜಾಗದಿಂದ ಅಳೆಯಬೇಕು. ಗೆರೆ ಸಣ್ಣಗೆ ನಡುಗಿದ್ದರೆ ವೇಗ ಇಳಿಸಿ. ಚೌಕದ ಶುರುವೂ ಕೊನೆಯೂ ಕೂಡದಿದ್ದರೆ ಎಲ್ಲೋ ಸ್ಟೆಪ್ ತಪ್ಪಿದೆ ಅಥವಾ ದಾರ ಪದರ ಏರಿದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಹಳೇ ಗೆರೆ ಅಳಿಸಬೇಡಿ, ಪಕ್ಕದಲ್ಲಿ ತಾರೀಕು ಬರೆದಿಡಿ.

ಮೇಲಿನ ತುದಿಯವರೆಗೂ ಯಾಕೆ ಬರೆಯೋದಿಲ್ಲ?

ಬಟ್ಟೆ ಒಣಗಿಸುವ ಹಗ್ಗವನ್ನು ಎಷ್ಟು ಬಿಗಿದರೂ ನಡುವೆ ಒದ್ದೆ ಪಂಚೆ ಹಾಕಿದರೆ ಜಗ್ಗುತ್ತದೆ ಅಲ್ವಾ, ಅದೇ ಕಾರಣ. ದಾರ ಅಡ್ಡಕ್ಕೆ ಹತ್ತಿರವಾದಷ್ಟೂ ಎಳೆತ ಏರುತ್ತದೆ. ನಡುವೆ ಇರುವಾಗ ದಾರ ಅಡ್ಡ ಗೆರೆಗೆ 30 ಡಿಗ್ರಿ ಕೋನದಲ್ಲಿದ್ದರೆ ಪ್ರತಿ ದಾರದ ಮೇಲೂ ತೊಟ್ಟಿಲಿನ ಪೂರ್ತಿ ಭಾರದಷ್ಟು ಎಳೆತ. 10 ಡಿಗ್ರಿಗೆ ಬಂದರೆ ಸುಮಾರು 2.9 ಪಟ್ಟು. ನಮ್ಮ 150 ಗ್ರಾಮಿನ ತೊಟ್ಟಿಲು ಅಲ್ಲಿ 430 ಗ್ರಾಮಿನಂತೆ ಜಗ್ಗುತ್ತದೆ, ಪುಟ್ಟ ಮೋಟರ್ ಸೋಲುತ್ತದೆ. 1200 ಮಿ.ಮೀ. ಹಲಗೆಯಲ್ಲಿ ಮೇಲಿನಿಂದ 250 ಬಿಟ್ಟು ಶುರುಮಾಡಿ.

ಪಕ್ಕಗಳಲ್ಲೂ ಒಂದೊಂದು ಗೇಣು ಬಿಡಿ. ತೊಟ್ಟಿಲು ಎಡ ಮೋಟರಿನ ನೇರ ಕೆಳಗೆ ಬಂದರೆ ಎಲ್ಲ ಭಾರವೂ ಎಡ ದಾರದ್ದೇ, ಬಲ ದಾರ ಸಡಿಲ.

ಕರೆಂಟು ಹೋದರೆ ಮತ್ತೆ ಮೊದಲಿಂದಾನಾ?

ಹಾಗೇ ಬಿಟ್ಟರೆ ಹೌದು. ದಾರ ಎಷ್ಟು ಉದ್ದವಿತ್ತು ಅನ್ನುವುದು ಆರ್ಡುಯಿನೋದ ನೆನಪಿನಿಂದ ಹಾರಿಹೋಗುತ್ತದೆ. ಪ್ರತಿ ಗೆರೆ ಮುಗಿದ ಮೇಲೆ ಗೆರೆಯ ಸಂಖ್ಯೆಯನ್ನು ಇಇಪ್ರಾಮಿನಲ್ಲಿ (ಆರ್ಡುಯಿನೋದೊಳಗೆ ಕರೆಂಟು ಹೋದರೂ ಅಳಿಯದ ನೆನಪಿನ ಜಾಗ) ಬರೆದಿಡಿ. ಆ ಜಾಗ ಸುಮಾರು ಒಂದು ಲಕ್ಷ ಸಲ ಬರೆದರೆ ಸವೆಯುತ್ತದೆ, ಆದ್ದರಿಂದ ಪ್ರತಿ ಸ್ಟೆಪ್ಪಿಗೂ ಬರೆಯಬೇಡಿ. ಕರೆಂಟು ಬಂದ ಮೇಲೆ ತೊಟ್ಟಿಲನ್ನು ಹಲಗೆ ಮೇಲೆ ಗುರುತು ಹಾಕಿದ ಮನೆ ಚುಕ್ಕಿಗೆ ಕೈಯಾರೆ ತಂದಿಟ್ಟು, ಅಲ್ಲಿಂದ ಮುಂದುವರಿಸುವುದು.

## ಇನ್ನೂ ಮುಂದೆ ಹೋದವರಿಗೆ

ದೊಡ್ಡ ಚಿತ್ರ ಹಾಕಿದ್ರೆ ಹುಚ್ಚು ಹಿಡಿದ ಹಾಗೆ ಮಾಡ್ತದೆ

ಆರ್3 ಮಾದರಿಯ ಊನೋದಲ್ಲಿ ಕೆಲಸ ಮಾಡುವ ಮೆಮೊರಿ 2 ಕಿಲೋಬೈಟ್ ಮಾತ್ರ. ಒಂದು ಬಿಂದುವಿಗೆ 4 ಬೈಟ್ ಹಿಡಿದರೆ 500 ಬಿಂದುಗಳಿಗೇ ಕಣಜ ತುಂಬಿತು, ಪ್ರೋಗ್ರಾಮಿಗೆ ಕಾಲಿಡಲು ಜಾಗವಿಲ್ಲ. ಚಿತ್ರವನ್ನು ಲ್ಯಾಪ್‌ಟಾಪಿನಲ್ಲೇ ಇಡಿ. ಒಂದು ಸಾಲು ಕಳಿಸಿ, ಆರ್ಡುಯಿನೋ "ಆಯಿತು" ಅಂದ ಮೇಲೆ ಇನ್ನೊಂದು ಸಾಲು.

ನನ್ನ ಫೋಟೋ ಬರೆಸಬಹುದಾ?

ಬರೆಸಬಹುದು. ಬೂದು ಬಣ್ಣ ಪೆನ್ನಿಗೆ ಬರುವುದಿಲ್ಲ, ಹಾಗಾಗಿ ಕಪ್ಪಿರುವಲ್ಲಿ ಗೆರೆ ಒತ್ತೊತ್ತು, ಬಿಳಿ ಇರುವಲ್ಲಿ ವಿರಳ. ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಚಿತ್ರವನ್ನು ಗೆರೆಗಳಾಗಿಸಬಹುದು. ಸೆಕೆಂಡಿಗೆ 10 ಮಿ.ಮೀ. ವೇಗದಲ್ಲಿ ಹತ್ತು ಮೀಟರ್ ಗೆರೆಗೆ 17 ನಿಮಿಷ ಬೇಕು, ಒಂದು ಮುಖಕ್ಕೆ ಅದರ ಎಷ್ಟೋ ಪಟ್ಟು. ಮೊದಲ ತಿಂಗಳು ಫೋಟೋ ಬೇಡ ಅಂತ ನಮ್ಮಲ್ಲಿ ನಿಯಮ. ಫೋಟೋ ಹಾಕಿದ ದಿನ ಎಲ್ಲರೂ ಬಟನ್ ಒತ್ತಿ ಸುಮ್ನೆ ನೋಡುತ್ತಾ ಕೂರುತ್ತಾರೆ.

ಹಸೆ ಚಿತ್ತಾರ ಬರೆಸಿದರೆ ಹೇಗೆ?

ಸಿದ್ದಾಪುರದ ಒಬ್ಬ ಮೇಷ್ಟ್ರು ಕೇಳಿದ್ದು. ನಮ್ಮ ಕಡೆ, ಸಾಗರದ ಕಡೆ, ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಬರೆಯುವ ಚಿತ್ತಾರ ಪೂರ್ತಿ ಗೆರೆಗಳ ಲೆಕ್ಕ. ಒಂದೇ ಅಂತರದ ಗೆರೆ, ಓರೆ ಗೆರೆಗಳ ಜಾಲ, ಅದೇ ನಮೂನೆ ಮತ್ತೆ ಮತ್ತೆ. ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು) ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಒಂದು ಓರೆ ಚೌಕದ ಫಂಕ್ಷನ್ (ಹೆಸರು ಹಿಡಿದು ಕರೆಯಬಹುದಾದ ಪ್ರೋಗ್ರಾಮ್ ತುಣುಕು) ಬರೆಯಿರಿ, ಅಡ್ಡಕ್ಕೆ ಹನ್ನೆರಡು ಸಲ, ಕೆಳಗೆ ಆರು ಸಲ ಕರೆಯಿರಿ. ಆದರೆ ರೋಬೋ ಬರೆದದ್ದನ್ನು ಚಿತ್ತಾರ ಅಂತ ಕರೆಯಬೇಡಿ, ಮಾರಲಂತೂ ಬೇಡ. ಮದುವೆ ಮನೆಯಲ್ಲಿ ಕೈಯಾರೆ ಬರೆಯುವವರ ಹೆಸರು ಅದು.

ನಾವು ಬರೆಸಿದ ದಿನ ಚಿತ್ತಾರ ಬಲ್ಲ ನೆರೆಮನೆಯ ಅಜ್ಜಿಯೊಬ್ಬರು ಬಂದು ಸುಮಾರು ಹೊತ್ತು ನಿಂತು ನೋಡಿದರು. ಕೈ ನಡುಗುವುದಿಲ್ಲ, ಒಳ್ಳೆಯದೇ, ಆದರೆ ಮೂಲೆಗೆ ಬಂದಾಗ ಒಂದು ಕ್ಷಣ ನಿಲ್ಲಬೇಕು ಅಂತ ಇದಕ್ಕೆ ಯಾರೂ ಹೇಳಿಕೊಟ್ಟಿಲ್ಲವಾ ಅಂತ ಕೇಳಿದರು. ನಾವು ಹತ್ತಿರ ಹೋಗಿ ನೋಡಿದರೆ ಪ್ರತಿ ಮೂಲೆಯಲ್ಲೂ ಗೆರೆ ಒಂದು ಮಿ.ಮೀ. ಮುಂದೆ ತೂಗಿ ವಾಪಸ್ ಬಂದಿತ್ತು. ಮಕ್ಕಳು ಮೂಲೆಗೊಂದು 200 ಮಿಲಿಸೆಕೆಂಡ್ ವಿರಾಮ ಸೇರಿಸಿದರು, ಮೂಲೆಗೆ ಮುಂಚೆ ವೇಗ ಇಳಿಸುವ ಎರಡು ಸಾಲನ್ನೂ ಬರೆದರು. ಮುಂದಿನ ಭಾನುವಾರ ಅಜ್ಜಿಯನ್ನು ಕರೆದುಕೊಂಡು ಬಂದು ತೋರಿಸಿದರು.